ಮನೆಯ ಪ್ರಯೋಗಕ್ಕೆ ಯಾವ ವಾಯು?

ಕೆಲವು ತಿಂಗಳ ಹಿಂದೆ ನನಗೊಂದು ಕಾಗದ ಬಂದಿತು. ಬರೆದವನು ಕೊಟ್ಟೂರಿನ ಕಡೆಯ ಒಬ್ಬ ಹುಡುಗ. ಪ್ರೌಢಶಾಲೆಯನ್ನು ಮುಗಿಸಿ ಆಗತಾನೆ ಕಾಲೇಜಿಗೆ ಕಾಲಿಟ್ಟವನು. "ಗುರುಗಳಿಗೆ ನಮಸ್ಕಾರಗಳು. ರಜೆಯಲ್ಲಿ ಮನೆಯಲ್ಲಿಯೇ ಭೌತವಿಜ್ಞಾನದ ಒಂದು ಪ್ರಯೋಗವನ್ನು ಮಾಡಬೇಕೆಂದಿದ್ದೇನೆ. ಅದಕ್ಕೆ ಒಂದು ಅನಿಲ ಬೇಕು. ಜಲಜನಕ ಒಳ್ಳೆಯದೋ, ಹೀಲಿಯಂ ಒಳ್ಳೆಯದೋ ತಿಳಿಸಬೇಕು. ಎಲ್ಲಿ ದೊರೆಯುವುದೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ" ಎಂದು ಆ ಕಾಗದದಲ್ಲಿತ್ತು. ಅಕ್ಷರ ದುಂಡಾಗಿತ್ತು, ವಿನಯವಿತ್ತು, ಉತ್ಸಾಹವಿತ್ತು. ಒಂದು ವಿಷಯ ಮಾತ್ರ ಇರಲಿಲ್ಲ. ಆ ಪ್ರಯೋಗದಿಂದ ಅವನು ತಿಳಿಯಬೇಕೆಂದಿರುವುದು ಏನು ಎಂಬುದನ್ನು ಅವನು ಬರೆದಿರಲಿಲ್ಲ.

ಯಾವ ಪಾತ್ರೆ ತರಲಿ ಎಂದು ಕೇಳಿದವನಿಗೆ ನಾವು ಏನು ಹೇಳುತ್ತೇವೆ? ಮಾಡುವ ಅಡಿಗೆ ಯಾವುದು ಎಂದು ಮೊದಲು ಕೇಳುತ್ತೇವೆ. ಪಾಯಸಕ್ಕೆ ತಕ್ಕ ಪಾತ್ರೆ ರೊಟ್ಟಿಗೆ ಒದಗದು. ಅನಿಲಗಳ ವಿಷಯವೂ ಹಾಗೆಯೇ. ಒಳ್ಳೆಯ ವಾಯು, ಕೆಟ್ಟ ವಾಯು ಎಂಬ ಭೇದ ಪ್ರಕೃತಿಯಲ್ಲಿಲ್ಲ. ಕೇಳುವ ಪ್ರಶ್ನೆಗೆ ತಕ್ಕ ವಾಯು, ತಕ್ಕದ್ದಲ್ಲದ ವಾಯು ಎಂಬ ಭೇದ ಮಾತ್ರ ಉಂಟು. ಈ ಮಾತು ಆ ಹುಡುಗನೊಬ್ಬನಿಗೇ ಸಲ್ಲತಕ್ಕದ್ದಲ್ಲವೆಂದು ತೋರಿದುದರಿಂದ ಇಂದು ತಮ್ಮೆಲ್ಲರ ಮುಂದೆ ಇದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ಬಂದಿರುವೆನು. ತಮ್ಮ ಮನೆಗಳಲ್ಲಿಯೂ ಇಂತಹ ಹುಡುಗರು, ಹುಡುಗಿಯರು ಇರುವರಷ್ಟೆ.

ದೊಡ್ಡವರು ವಾಯುವನ್ನು ಹೇಗೆ ಆರಿಸಿದರೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡೋಣ. ಉಷ್ಣತೆಯನ್ನು ಅಳೆಯಲು ವಾಯುವಿನ ಉಷ್ಣಮಾಪಕ ಎಂಬ ಉಪಕರಣವುಂಟು. ಪಾತ್ರೆಯಲ್ಲಿ ಬಂಧಿಸಿಟ್ಟ ವಾಯುವಿಗೆ ಕಾವು ತಗುಲಿದಂತೆ ಅದರ ಒತ್ತಡ ಏರುತ್ತದೆ. ಆ ಏರಿಕೆಯಿಂದ ಕಾವನ್ನು ಲೆಕ್ಕ ಹಾಕುತ್ತೇವೆ. ಪ್ಯಾರಿಸ್ಸಿನ ಸಮೀಪದ ಸೆವ್ರ್ ಎಂಬಲ್ಲಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಾರ್ಯಾಲಯದಲ್ಲಿ ಶಾಪ್ಯುಯಿ ಎಂಬ ವಿಜ್ಞಾನಿ ಜಲಜನಕ, ಸಾರಜನಕ, ಇಂಗಾಲಾಮ್ಲ ಈ ಮೂರನ್ನೂ ಅತ್ಯಂತ ಸೂಕ್ಷ್ಮವಾಗಿ ಹೋಲಿಸಿ ನೋಡಿದನು. ಇಂಗಾಲಾಮ್ಲವೆಂದು ನಾನು ಹಳೆಯ ಹೆಸರಿನಿಂದ ಕರೆಯುತ್ತಿರುವುದು ಇಂದಿನ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡನ್ನು. ೧೮೮೭ರಲ್ಲಿ ಅಂತರರಾಷ್ಟ್ರೀಯ ಸಮಿತಿಯು ಜಲಜನಕದ ಉಷ್ಣಮಾಪಕವನ್ನೇ ಪ್ರಮಾಣವೆಂದು ಅಂಗೀಕರಿಸಿತು. ಆದರ್ಶವಾಯುವಿನ ನಿಯಮಗಳಿಗೆ ಜಲಜನಕ ಬಹಳ ಹತ್ತಿರವಾಗಿ ನಡೆಯುತ್ತದೆ. ಇಂಗಾಲಾಮ್ಲ ಅಷ್ಟು ವಿಧೇಯವಲ್ಲ. ಅಲ್ಲಿ ಕೇಳಿದ ಪ್ರಶ್ನೆಗೆ ಇಂಗಾಲಾಮ್ಲ ಅಯೋಗ್ಯವಾಯಿತು.

ಎರಡನೆಯ ನಿದರ್ಶನ ನಮ್ಮ ನಾಡಿನದೇ. ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು ೨೩೦೦ ಮೀಟರು ಆಳದಲ್ಲಿ, ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳವರೂ ಕೂಡಿ ೧೯೬೫ರಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಸುಳಿವು ಹಿಡಿಯುವುದು ಅವರ ಗುರಿ. ಅದಕ್ಕಾಗಿ ಅವರು ಬಳಸಿದ ಸಾಧನಗಳಲ್ಲಿ ನಿಯಾನ್ ತುಂಬಿದ ಗಾಜಿನ ನಳಿಗೆಗಳೂ ಇದ್ದುವು. ವಿದ್ಯುತ್ಕಣವೊಂದು ಹಾದುಹೋದ ಕೂಡಲೆ ಪ್ರಬಲವಾದ ವಿದ್ಯುದೊತ್ತಡವನ್ನು ಕೊಟ್ಟರೆ ಆ ನಳಿಗೆ ಮಿನುಗುತ್ತದೆ. ಮಿನುಗಿದ ನಳಿಗೆಗಳ ಸಾಲೇ ಕಣದ ಹಾದಿ. ಅಲ್ಲಿ ಬೇಕಾದುದು ಮಿನುಗುವ ವಾಯು. ಆದುದರಿಂದ ನಿಯಾನ್. ಈ ನಿಯಾನನ್ನು ೧೮೯೮ರಲ್ಲಿ ರಾಮ್ಸೆಯೊಡನೆ ಕಂಡುಹಿಡಿದ ಮಾರಿಸ್ ಟ್ರಾವರ್ಸನೇ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮೊದಲನೆಯ ನಿರ್ದೇಶಕನಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

ಪ್ರಯೋಗಶಾಲೆಗಳ ಮಾತು ಇಷ್ಟಾಯಿತು. ಮನೆಯಲ್ಲಾದರೋ ಪ್ರಶ್ನೆಯ ಯೋಗ್ಯತೆಯೊಂದೇ ಸಾಲದು. ಮನೆಗೆ ತನ್ನದೇ ಆದ ಕಟ್ಟಳೆಗಳುಂಟು. ಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ, ದೇವರ ಮುಂದೆ ದೀಪವಿರುತ್ತದೆ, ತೊಟ್ಟಿಲಲ್ಲಿ ಮಗುವಿರುತ್ತದೆ. ಆದುದರಿಂದ ಯಾವ ವಾಯುವನ್ನೇ ಆಗಲಿ ಹೊಸಲಿನ ಒಳಕ್ಕೆ ಬಿಟ್ಟುಕೊಳ್ಳುವ ಮುನ್ನ ಅದನ್ನು ನಾಲ್ಕು ಮಾತು ಕೇಳಬೇಕು. ನೀನು ಉರಿಯುವೆಯಾ? ನೀನು ವಿಷವೆ? ನಿನ್ನನ್ನು ಹಿಡಿದಿಡಲು ಬಲವಾದ ಉಕ್ಕಿನ ಉರುಳೆ ಬೇಕೆ? ಅಡಿಗೆಮನೆಯ ಸಾಮಾನಿನಿಂದ ನೀನು ಹುಟ್ಟುವೆಯಾ?

ಈ ಪರೀಕ್ಷೆಯಲ್ಲಿ ಜಲಜನಕ ಮೊದಲನೆಯ ಪ್ರಶ್ನೆಗೇ ಸೋಲುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಅದು ಹತ್ತಿಕೊಳ್ಳುತ್ತದೆ, ಎಪ್ಪತ್ತೈದು ಪಾಲಾದರೂ ಹತ್ತಿಕೊಳ್ಳುತ್ತದೆ. ಇಷ್ಟು ವಿಸ್ತಾರವಾದ ಅಪಾಯದ ಹರವು ಕೆಲವೇ ವಾಯುಗಳಿಗುಂಟು. ಹತ್ತಲು ಬೆಂಕಿಕಡ್ಡಿಯೂ ಬೇಡ. ಕಣ್ಣಿಗೆ ಕಾಣದ ಕಿಡಿ ಸಾಕು. ೧೯೩೭ನೆಯ ಮೇ ೬ರಂದು ಅಮೆರಿಕದ ಲೇಕ್‌ಹರ್ಸ್ಟಿನಲ್ಲಿ ಹಿಂಡೆನ್‌ಬರ್ಗ್ ಎಂಬ ಜರ್ಮನರ ಮಹಾ ವಾಯುನೌಕೆ ಒಂದು ನಿಮಿಷದೊಳಗೆ ಉರಿದುಹೋಗಿ ೩೬ ಜನ ಸತ್ತದ್ದು ಜಲಜನಕದಿಂದಲೇ. ಇದು ದೂರದ ಮಾತೆಂದು ತಿಳಿಯಬೇಡಿ. ಜಾತ್ರೆಗಳಲ್ಲಿ ಮಕ್ಕಳ ಕೈಗೆ ಕೊಡುವ ಹಾರುವ ಬುಗ್ಗೆಗಳಿಗೆ ತುಂಬುವುದು ಎಷ್ಟೋ ಸಲ ಇದೇ ಜಲಜನಕ. ಹಳೆಯ ಉರುಳೆಗಳಲ್ಲಿ ಅದನ್ನು ತಾವೇ ತಯಾರಿಸಿಕೊಂಡು ಮಾರುವ ಬಡವರು, ಉರುಳೆ ಸಿಡಿದು ಕೈಕಾಲು ಕಳೆದುಕೊಂಡ, ಪ್ರಾಣವನ್ನೇ ಬಿಟ್ಟ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಹೀಲಿಯಂ ಉರಿಯುವುದಿಲ್ಲ, ವಿಷವೂ ಅಲ್ಲ. ಅದಕ್ಕೂ ನಮಗೂ ಒಂದು ಹಳೆಯ ನಂಟೂ ಉಂಟು. ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣದ ದಿನ ಗುಂಟೂರಿನಲ್ಲಿ ಜಾನ್ಸೆನ್ ಎಂಬ ಫ್ರೆಂಚ್ ಖಗೋಳಜ್ಞನೂ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಹರ್ಷೆಲನೂ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರು. ಆ ಬೆಳಕಿನಲ್ಲಿದ್ದ ಹಳದಿ ಗೆರೆ ಸೋಡಿಯಂನದಲ್ಲವೆಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್ ತೋರಿಸಿದನು. ಸೂರ್ಯನಲ್ಲಿ ಕಂಡ ಆ ವಸ್ತುವನ್ನು ರಾಮ್ಸೆ ಭೂಮಿಯ ಮೇಲೆ ಹಿಡಿದದ್ದು ೧೮೯೫ರಲ್ಲಿ. ಅದು ಜಲಜನಕದ ಎರಡರಷ್ಟು ಭಾರವಾದರೂ ಎತ್ತುವ ಶಕ್ತಿಯಲ್ಲಿ ಹೆಚ್ಚೇನೂ ಕಡಿಮೆಯಿಲ್ಲ. ಸೊನ್ನೆ ಡಿಗ್ರಿಯಲ್ಲಿ ಒಂದು ಲೀಟರು ಗಾಳಿಯ ತೂಕ ೧.೨೯ ಗ್ರಾಂ, ಜಲಜನಕದ್ದು ೦.೦೯, ಹೀಲಿಯಂನದು ೦.೧೮. ಎತ್ತುವುದು ಇವುಗಳ ವ್ಯತ್ಯಾಸವಾದುದರಿಂದ ಜಲಜನಕ ೧.೨೦ ಗ್ರಾಮನ್ನು ಎತ್ತಿದರೆ ಹೀಲಿಯಂ ೧.೧೧ ಗ್ರಾಮನ್ನು ಎತ್ತುತ್ತದೆ. ಈ ಲೆಕ್ಕ ಸೊಗಸಾದುದು. ಆದರೆ ಹೀಲಿಯಂ ಬರುವುದು ಬಲವಾದ ಒತ್ತಡದ ಉರುಳೆಯಲ್ಲಿ, ಬೆಲೆ ದುಬಾರಿ, ಧ್ವನಿ ಬದಲಾಗುವ ತಮಾಷೆಗೆಂದು ಅದನ್ನು ಉಸಿರಾಡಿ ಆಮ್ಲಜನಕವಿಲ್ಲದೆ ಮೂರ್ಛೆ ಹೋದವರೂ ಸತ್ತವರೂ ಉಂಟು. ಎರಡು ಬುಗ್ಗೆ ಹಾರಿಸಿದ ಮೇಲೆ ಉಳಿಯುವ ಪ್ರಶ್ನೆಯಾದರೂ ಏನು?

ಅಡಿಗೆಯ ಅನಿಲ, ಕಾರ್ಬೈಡಿನಿಂದ ಹುಟ್ಟುವ ಅಸಿಟಲೀನ್, ಗೋಬರ್ ಗ್ಯಾಸಿನ ಮೀಥೇನ್ ಇವು ಮೂರೂ ಉರಿಯುವ ಜಾತಿ. ಇವನ್ನು ಪ್ರಯೋಗಕ್ಕೆ ಮುಟ್ಟಲೇ ಕೂಡದು. ಪಾಯಿಖಾನೆ ತೊಳೆಯುವ ಆಮ್ಲವನ್ನು ಚೆಲುವೆಪುಡಿಗೆ ಬೆರಸಿದರೆ ಬರುವ ಕ್ಲೋರಿನ್ ಘೋರವಾದ ವಿಷ. ಆ ಎರಡು ಡಬ್ಬಗಳನ್ನು ಒಂದೇ ಗೂಡಿನಲ್ಲಿ ಇಡದಿರುವುದೇ ಲೇಸು. ಹೀಗೆ ಒಂದೊಂದನ್ನೇ ತಳ್ಳುತ್ತ ಬಂದರೆ ಕೊನೆಗೆ ಉಳಿಯುವವು ಎರಡು: ನಾವು ಉಸಿರಾಡುವ ಗಾಳಿ, ಮತ್ತು ಉಷ್ಣಮಾಪಕಕ್ಕೆ ಬೇಡವಾದ ಆ ಇಂಗಾಲಾಮ್ಲ.

ಉಳಿದದ್ದು ಅದೊಂದೇ ಎಂದು ನಾನು ಇಂಗಾಲಾಮ್ಲವನ್ನು ಆರಿಸಿದೆನೆಂದು ತಾವು ತಿಳಿಯಬಾರದು. ಆ ಹುಡುಗನ ಊರಿನಲ್ಲಿ ಆ ವಾಯುವಿಗೆ ಒಂದು ಚರಿತ್ರೆಯೇ ಇದೆ. ಅದನ್ನು ಹೇಳಬೇಕಾದರೆ ಆ ಸೀಮೆಯನ್ನು ಸ್ವಲ್ಪ ಪರಿಚಯಮಾಡಿಕೊಡಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವು ಇಂದಿನ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಶಾಸನಗಳು ಈ ಕಡೆಯ ನಾಡನ್ನು ಕೋಗಳಿ ಐನೂರು ಎಂದು ಕರೆದಿವೆ. ಕೋಗಳಿ ಎಂಬ ಊರು ಇಂದಿಗೂ ಉಂಟು. ಒಂದು ಕಡೆ ತುಂಗಭದ್ರೆ. ಮಿಕ್ಕೆಲ್ಲ ಮಳೆಯನ್ನೇ ನಂಬಿದ ಹೊಲ. ಮುಖ್ಯವಾದ ಬೆಳೆಗಳಲ್ಲಿ ಜೋಳವೊಂದು. ಒಂದು ವರ್ಷ ಮಳೆ ಬಂದರೆ ಎರಡು ವರ್ಷ ಬಾರದ ಸೀಮೆಯಲ್ಲಿ ಬಂದ ಬೆಳೆಯನ್ನು ಬಾರದ ವರ್ಷಕ್ಕೆ ಕಾದಿಡುವುದೇ ಬದುಕಿನ ಮೊದಲನೆಯ ವಿದ್ಯೆ. ಅದಕ್ಕಾಗಿ ಹಿಂದಿನವರು ಕಂಡುಕೊಂಡದ್ದು ಹಗೇವು.

ಮೈಸೂರಿನ ಕಡೆಯವರಲ್ಲಿ ಹಗೇವನ್ನು ನೋಡದವರು ಬಹಳ ಮಂದಿ ಇರಬಹುದು. ನೆಲದಲ್ಲಿ ತೋಡಿದ ದೊಡ್ಡ ಗುಳಿ ಅದು. ಬಾಯಿ ಕಿರಿದು, ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ವಿಶಾಲ. ಒಳಗೋಡೆಗೆ ಹುಲ್ಲು ಸೊಪ್ಪೆಗಳನ್ನು ಹಾಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. ಕಳ್ಳನಿಗೆ ಕಾಣದು, ಇಲಿಗೆ ಸಿಕ್ಕದು, ಹುಳುವಿಗೆ ಬದುಕಗೊಡದು. ಹುಳು ಏಕೆ ಬದುಕದು? ಕಾಳು ಸತ್ತ ವಸ್ತುವಲ್ಲ. ಮೊಳೆಯುವ ಜೀವ ಅದರಲ್ಲಿದೆ. ಅದು ಮೆಲ್ಲಗೆ ಉಸಿರಾಡುತ್ತದೆ. ಕಾಳೂ, ಅದರೊಡನೆ ಸೇರಿದ ಹುಳುವೂ ಬೂಷ್ಟೂ ಕೂಡಿ ಗುಳಿಯೊಳಗಿನ ಆಮ್ಲಜನಕವನ್ನು ತೀರಿಸಿ, ಅಷ್ಟೇ ಇಂಗಾಲಾಮ್ಲವನ್ನು ಬಿಡುತ್ತವೆ. ಕೆಲವು ದಿನಗಳಲ್ಲಿ ಹುಳು ಉಸಿರುಕಟ್ಟಿ ಸಾಯುತ್ತದೆ, ಕಾಳು ಕೆಡದೆ ಉಳಿಯುತ್ತದೆ. ರಸಾಯನವಿದ್ಯೆಯ ಹೆಸರನ್ನೇ ಕೇಳದ ರೈತನು ಕಟ್ಟಿದ ಈ ಕಣಜವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಕಾಳನ್ನು ಕಾಯುವ ವಾಯುವೇ ಆಳನ್ನು ಕೊಲ್ಲುವುದೆಂಬುದು ಅದರ ಇನ್ನೊಂದು ಮುಖ.

ನಾನು ಹುಟ್ಟಿ ಬೆಳೆದದ್ದು ಅದೇ ಸೀಮೆಯ ಒಂದು ಹಳ್ಳಿಯಲ್ಲಿ. ನನಗೆ ಒಂಬತ್ತೋ ಹತ್ತೋ ವರ್ಷ. ಒಂದು ಬೇಸಗೆಯ ಮಧ್ಯಾಹ್ನ ನಮ್ಮ ಓಣಿಯಲ್ಲಿ ಹಗೇವೊಂದನ್ನು ತೆರೆದರು. ಮದುವೆಯ ಮನೆ; ಕಾಳು ಅವಸರವಾಗಿ ಬೇಕಾಗಿತ್ತು. ಚಪ್ಪಡಿ ಸರಿಸಿ ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಆಳು ಇಳಿದನು. ಮೇಲಿನವರು ಬುಟ್ಟಿ ಬಿಟ್ಟರು; ಬುಟ್ಟಿ ತುಂಬಲಿಲ್ಲ. ಕೂಗಿದರು; ಉತ್ತರವಿಲ್ಲ. ಅವನ ತಮ್ಮನು ಯಾರು ಹಿಡಿದರೂ ನಿಲ್ಲದೆ ಅಣ್ಣನನ್ನು ಎತ್ತುವೆನೆಂದು ಇಳಿದನು. ಅವನೂ ಸದ್ದಿಲ್ಲದೆ ಕುಸಿದನು. ಮೂರನೆಯವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ ಕೂಡಲೆ ಎಳೆದುಕೊಂಡರು. ಅವನು ತಮ್ಮನ ತೋಳನ್ನು ಬಿಗಿಯಾಗಿ ಹಿಡಿದಿದ್ದನು. ತಮ್ಮನು ಬದುಕಿದನು. ಅಣ್ಣನು ಬದುಕಲಿಲ್ಲ.

ಅಂದು ರಾತ್ರಿ ಓಣಿಯ ಜನರೆಲ್ಲ ಒಂದೇ ಮಾತು ಆಡಿದರು: "ಅವನಿಗೆ ಗಾಳಿ ಬಡಿಯಿತು." ನಮ್ಮ ಭಾಷೆಯಲ್ಲಿ ಗಾಳಿ ಎಂದರೆ ದೆವ್ವವೂ ಹೌದಷ್ಟೆ. ಯಾವ ದೆವ್ವ, ಯಾರ ಮನೆಯದು, ಯಾವ ಹರಕೆ ತಪ್ಪಿತು ಎಂದು ಮಾತು ಬೆಳೆಯಿತು. ನಮ್ಮ ಅಜ್ಜ ಒಬ್ಬರೇ ಸುಮ್ಮನಿದ್ದು ಕೊನೆಗೆ, "ಕಂದೀಲು ಇಳಿಬಿಡಬೇಕಾಗಿತ್ತು" ಎಂದರು. ಹಿಂದಿನವರು ಹಗೇವಿಗಿಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ಆ ದಿನ ಅವಸರದಲ್ಲಿ ಯಾರಿಗೂ ಅದು ನೆನಪಾಗಲಿಲ್ಲ. ಜನರ ಮಾತು ಅಕ್ಷರಶಃ ನಿಜವೆಂದೂ, ಅವನಿಗೆ ಬಡಿದದ್ದು ಗಾಳಿಯೇ ಎಂದೂ ನನಗೆ ತಿಳಿದದ್ದು ಹತ್ತು ವರ್ಷಗಳ ಮೇಲೆ, ಕಾಲೇಜಿನಲ್ಲಿ.

ಆ ಹುಡುಗನಿಗೆ ನಾನು ಬರೆದ ಉತ್ತರದ ಮೊದಲ ಸಾಲು ಹೀಗಿತ್ತು: "ತಮ್ಮಾ, ಜಲಜನಕವನ್ನು ಬಿಡು, ನಿನ್ನ ಊರಿನ ಹಗೇವಿನೊಳಗಿರುವ ವಾಯುವನ್ನು ತೆಗೆದುಕೋ. ಆದರೆ ಅದನ್ನು ಹಗೇವಿನಿಂದ ತರಬೇಡ, ನಿನ್ನ ತಾಯಿಯ ಅಡಿಗೆಮನೆಯಿಂದ ತಾ." ಪ್ರಶ್ನೆಯನ್ನೂ ನಾನೇ ಬರೆದುಕೊಟ್ಟೆನು: ಬಾಯಿ ತೆರೆದ ಪಾತ್ರೆಯಲ್ಲಿ ಈ ವಾಯು ಎಷ್ಟು ಹೊತ್ತು ನಿಲ್ಲುತ್ತದೆ?

ಪ್ರಯೋಗದ ವಿಧಾನವನ್ನು ಈಗ ಹೇಳುವೆನು. ಎರಡು ಲೀಟರು ಹಿಡಿಯುವ ಒಂದು ಜಗ್ಗಿನಲ್ಲಿ ಎರಡು ಚಮಚ ಅಡಿಗೆಯ ಸೋಡವನ್ನು ಹಾಕಿ ಐದಾರು ನಿಂಬೆಹಣ್ಣುಗಳ ರಸವನ್ನು ಮೆಲ್ಲಮೆಲ್ಲಗೆ ಹಿಂಡಬೇಕು. ನೊರೆಯೆದ್ದು ಇಂಗಾಲಾಮ್ಲ ಹೊರಡುತ್ತದೆ. ಚಿಕ್ಕ ಚಮಚದ ಸೋಡ, ಎಂದರೆ ಸುಮಾರು ಐದು ಗ್ರಾಂ, ಪೂರ್ತಿಯಾಗಿ ಕರಗಿ ತೀರಿದರೆ ಒಂದೂವರೆ ಲೀಟರಿನಷ್ಟು ವಾಯು ಬರುತ್ತದೆ. ಜಗ್ಗಿನ ಬಾಯನ್ನು ಎಂದಿಗೂ ಬಿಗಿಯಾಗಿ ಮುಚ್ಚಕೂಡದು. ಮುಚ್ಚಿದರೆ ಪಾತ್ರೆ ಸಿಡಿಯಬಹುದು. ಗಾಳಿಯ ಒಂದೂವರೆ ಪಟ್ಟು ಭಾರವಾದುದರಿಂದ ಈ ವಾಯು ನೀರಿನಂತೆ ಜಗ್ಗಿನಲ್ಲಿ ತುಂಬಿ ಕುಳಿತಿರುತ್ತದೆ. ನೊರೆ ಅಡಗಿದ ಮೇಲೆ, ಅಡಿಯ ದ್ರವ ಹೊರಡದಂತೆ ಜಗ್ಗನ್ನು ಬಾಗಿಸಿ, ಹತ್ತು ಸೆಂಟಿಮೀಟರು ಎತ್ತರದ ನಾಲ್ಕು ಗಾಜಿನ ಲೋಟಗಳಿಗೆ ಅದನ್ನು ಸುರಿಯಬೇಕು. ಸುರಿಯುವಾಗ ಏನೂ ಕಾಣುವುದಿಲ್ಲ. ಬರಿಯ ಜಗ್ಗಿನಿಂದ ಬರಿಯ ಲೋಟಕ್ಕೆ ಏನನ್ನೋ ಸುರಿಯುತ್ತಿರುವವನನ್ನು ನೋಡಿ ಮನೆಯವರು ನಕ್ಕರೆ ನಗಲಿ. ಲೋಟದ ಬಾಯಿಯ ಬಳಿ ಹಿಡಿದ ಜ್ವಾಲೆ ಆರಿದರೆ ಲೋಟ ತುಂಬಿತೆಂದು ತಿಳಿಯಬೇಕು.

ಅನಂತರ ಬಾಗಿಲು ಕಿಟಕಿಗಳನ್ನು ಮುಚ್ಚಿ, ಬೀಸಣಿಗೆಯನ್ನು ನಿಲ್ಲಿಸಿ, ಗಡಿಯಾರವನ್ನು ಹಿಡಿದು ಕುಳಿತುಕೊಳ್ಳಬೇಕು. ಬಗ್ಗಿಸಿದ ತಂತಿಯ ತುದಿಗೆ ಒಂದು ಚಿಕ್ಕ ಮೇಣದ ಬತ್ತಿಯನ್ನು ಸಿಕ್ಕಿಸಿ, ಎರಡು ನಿಮಿಷವಾದ ಮೇಲೆ ಮೊದಲನೆಯ ಲೋಟದ ತಳಕ್ಕೆ ಇಳಿಸಿ ನೋಡಬೇಕು. ಆರುತ್ತದೆ. ಐದು ನಿಮಿಷಕ್ಕೆ ಎರಡನೆಯದು, ಎಂಟಕ್ಕೆ ಮೂರನೆಯದು, ಹನ್ನೆರಡಕ್ಕೆ ನಾಲ್ಕನೆಯದು. ಒಂದು ಲೋಟಕ್ಕೆ ಒಂದೇ ಪರೀಕ್ಷೆ, ಏಕೆಂದರೆ ಬತ್ತಿ ಇಳಿದಾಗ ಒಳಗಿನ ವಾಯು ಕಲಕಿಹೋಗುತ್ತದೆ. ಹೀಗೆ ನೋಡುತ್ತ ಹೋದರೆ ಸುಮಾರು ಹತ್ತು ನಿಮಿಷದ ಹೊತ್ತಿಗೆ ಜ್ವಾಲೆ ಆರದೆ ಉಳಿಯುವ ಘಳಿಗೆ ಬರುತ್ತದೆ. ದೊಡ್ಡವರೊಬ್ಬರು ಜೊತೆಗಿರಬೇಕು, ಬೆಂಕಿಯ ಕೆಲಸವಾದುದರಿಂದ ಒಂದು ಚೊಂಬು ನೀರು ಪಕ್ಕದಲ್ಲಿರಬೇಕು. ಮುಗಿದೊಡನೆ ಕಿಟಕಿಗಳನ್ನು ತೆರೆಯಬೇಕು.

ಭಾರವಾದ ವಾಯು ತಳದಲ್ಲಿಯೇ ಕುಳಿತಿರಬೇಕಲ್ಲವೆ, ಎಲ್ಲಿಗೆ ಹೋಯಿತು? ವಾಯುವಿನ ಅಣುಗಳು ಸುಮ್ಮನೆ ಕೂರುವ ಜಾತಿಯವಲ್ಲ. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಗುರಿಯಿಲ್ಲದೆ ಅಲೆಯುತ್ತ, ಕ್ರಮವಾಗಿ ಮೇಲಿನ ಗಾಳಿಯೊಳಕ್ಕೆ ಬೆರೆತುಹೋಗುತ್ತವೆ. ಇದಕ್ಕೆ ವಿಸರಣೆ ಎಂದು ಹೆಸರು. ಸಂತೆಯ ಗುಂಪಿನಲ್ಲಿ ಸಿಕ್ಕಿಬಿದ್ದ ಮಗುವಿನಂತೆ ಅಣುವೊಂದು ಎತ್ತಲೋ ತಳ್ಳಿಸಿಕೊಳ್ಳುತ್ತ ಎತ್ತಲೋ ಹೋಗುತ್ತದೆ. ನೇರವಾಗಿ ನಡೆಯುವವನಿಗೆ ಎರಡರಷ್ಟು ದೂರಕ್ಕೆ ಎರಡರಷ್ಟು ಹೊತ್ತು ಸಾಕು. ಹೀಗೆ ಅಲೆಯುವವನಿಗೆ ನಾಲ್ಕರಷ್ಟು ಹೊತ್ತು ಬೇಕು. ದೂರ ಮೂರು ಪಟ್ಟಾದರೆ ಕಾಲ ಒಂಬತ್ತು ಪಟ್ಟು. ಆದುದರಿಂದ ಇಪ್ಪತ್ತು ಸೆಂಟಿಮೀಟರು ಎತ್ತರದ ಜಾಡಿಯಲ್ಲಿ ಇದೇ ಪ್ರಯೋಗವನ್ನು ಮಾಡಿದರೆ ಹತ್ತು ನಿಮಿಷ ಇಪ್ಪತ್ತಾಗದು, ನಲವತ್ತಾಗಬೇಕು. ಮಾಡಿ ನೋಡಬೇಕಾದ ಪ್ರಯೋಗದ ಹೃದಯವೇ ಇದು: ಲೋಟದ ಕಾಲಕ್ಕೂ ಜಾಡಿಯ ಕಾಲಕ್ಕೂ ಇರುವ ಅನುಪಾತ.

ಈಗ ಜಾಡಿಯಿಂದ ಹಗೇವಿಗೆ ಹೋಗೋಣ. ಅದರ ಆಳ ಮೂರು ಮೀಟರು, ಸುಮಾರು ಹತ್ತು ಅಡಿ, ಎಂದಿಟ್ಟುಕೊಳ್ಳಿ. ಜಾಡಿಯ ಹದಿನೈದು ಪಟ್ಟು. ಹದಿನೈದು ಹದಿನೈದಲೆ ಇನ್ನೂರ ಇಪ್ಪತ್ತೈದು. ನಲವತ್ತು ನಿಮಿಷವನ್ನು ಇನ್ನೂರ ಇಪ್ಪತ್ತೈದರಿಂದ ಗುಣಿಸಿದರೆ ೯೦೦೦ ನಿಮಿಷ. ಎಂದರೆ ನೂರೈವತ್ತು ಗಂಟೆ. ಎಂದರೆ ಆರು ದಿನಕ್ಕಿಂತ ಹೆಚ್ಚು. ಗಾಳಿಯ ಸುಳಿವಿಲ್ಲದ ಗುಳಿಯ ಬಾಯಿಯನ್ನು ತೆರೆದಿಟ್ಟು ಅಣುಗಳ ಅಲೆದಾಟವನ್ನೇ ನಂಬಿ ಕುಳಿತರೆ ಅಷ್ಟು ದಿನ ಕಾಯಬೇಕು. ಹಗೇವಿನ ಬಾಯಿ ಕಿರಿದಾದುದರಿಂದ ಇನ್ನೂ ಹೆಚ್ಚೇ ಬೇಕಾದೀತು. ನಮ್ಮ ಓಣಿಯಲ್ಲಿ ಅಂದು ಕಾದದ್ದು ಸ್ವಲ್ಪ ಹೊತ್ತು. ಅಡಿಗೆಮನೆಯ ಲೋಟವೊಂದು ಈ ಲೆಕ್ಕವನ್ನು ಕೊಡಬಲ್ಲುದೆಂದು ಅಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಲೋಟಕ್ಕೂ ಹಗೇವಿಗೂ ಇರುವ ವ್ಯತ್ಯಾಸಗಳನ್ನು ಮರೆಮಾಚುವುದು ನ್ಯಾಯವಲ್ಲ. ಲೋಟದಲ್ಲಿರುವುದು ಬಹುಮಟ್ಟಿಗೆ ಶುದ್ಧವಾದ ಇಂಗಾಲಾಮ್ಲ. ಹಗೇವಿನಲ್ಲಿರುವುದು ಅದಲ್ಲ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ ಹಾಗೆಯೇ ಉಳಿದು, ಮಿಕ್ಕ ಒಂದು ಪಾಲು ಆಮ್ಲಜನಕದ ಸ್ಥಾನವನ್ನು ಇಂಗಾಲಾಮ್ಲ ಕ್ರಮವಾಗಿ ಆಕ್ರಮಿಸಿಕೊಂಡಿರುತ್ತದೆ. ಈ ಮಿಶ್ರಣ ಹೆಚ್ಚೆಂದರೆ ಗಾಳಿಗಿಂತ ನೂರಕ್ಕೆ ಎಂಟು ಪಾಲಿನಷ್ಟು ಭಾರ. ಆದರೂ ಭಾರವೇ, ಆದುದರಿಂದ ತಾನಾಗಿ ಮೇಲೇಳದು. ಬೇಸಗೆಯ ಮಧ್ಯಾಹ್ನವಾದರೆ ಗುಳಿಯೊಳಗೆ ತಂಪು, ಮೇಲೆ ಬೆಂಕಿಯಂತಹ ಬಿಸಿಲು. ಕಾದ ಗಾಳಿ ಹಗುರವಾಗಿ ಮೇಲೆಯೇ ಮುಚ್ಚಳದಂತೆ ನಿಲ್ಲುತ್ತದೆ. ಒಳಗಿಳಿದು ತಳದ ವಾಯುವನ್ನು ಕದಲಿಸುವುದಿಲ್ಲ. ಕೂಡ್ಲಿಗಿ ಕೊಟ್ಟೂರುಗಳ ಬೇಸಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಜ್ಜನ ಕಂದೀಲಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಹೇಳಬೇಕು. ಗಾಳಿಯಲ್ಲಿ ಸಹಜವಾಗಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕವಿದೆ. ಅದು ಹದಿನಾರರ ಸುಮಾರಿಗೆ ಇಳಿದಾಗ ದೀಪ ಆರುತ್ತದೆ. ಆ ಹೊತ್ತಿಗೆ, ಕಳೆದುಹೋದ ಐದು ಪಾಲಿನ ಸ್ಥಾನದಲ್ಲಿ ಐದು ಪಾಲು ಇಂಗಾಲಾಮ್ಲ ಬಂದಿರುತ್ತದೆ. ಅಷ್ಟು ಇಂಗಾಲಾಮ್ಲವೇ ಮನುಷ್ಯನಿಗೆ ಏದುಸಿರನ್ನೂ ತಲೆನೋವನ್ನೂ ಮಂಕನ್ನೂ ತರುತ್ತದೆ. ಹತ್ತು ಪಾಲಾದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಎಂದರೆ ದೀಪ ಆರುವ ಮೊದಲೇ ಅಪಾಯ ಆರಂಭವಾಗಿರುತ್ತದೆ. ದೀಪ ಆರಿದರೆ ಇಳಿಯಕೂಡದು ಎಂಬುದು ನಿಶ್ಚಯ. ಆರದಿದ್ದರೆ ಇಳಿಯಬಹುದು ಎಂದು ಅದರ ಅರ್ಥವಲ್ಲ. ಕೊಳೆತ ವಸ್ತುವಿರುವ ಚರಂಡಿಯ ಗುಂಡಿಗಳಲ್ಲಿ, ಗೊಬ್ಬರದ ಅನಿಲದ ತೊಟ್ಟಿಗಳಲ್ಲಿ ದೀಪವನ್ನು ಇಳಿಸಲೇ ಬಾರದು; ಅಲ್ಲಿ ಉರಿಯುವ ವಾಯುವಿದ್ದು ಆ ದೀಪವೇ ಸಿಡಿತಕ್ಕೆ ಕಾರಣವಾದೀತು.

ಇದು ಹಳ್ಳಿಯ ಹಳೆಯ ಕಥೆ, ಹಗೇವುಗಳು ಈಗ ಎಷ್ಟು ಉಳಿದಿವೆ ಎಂದು ನಗರವಾಸಿಗಳು ಕೇಳಬಹುದು. ಹಗೇವುಗಳು ಕಡಿಮೆಯಾಗಿವೆ, ನಿಜ, ಗುಳಿಗಳು ಕಡಿಮೆಯಾಗಿಲ್ಲ. ಬಹುಕಾಲ ಬಳಸದ ಬಾವಿ, ಮುಚ್ಚಿಟ್ಟ ನೀರಿನ ತೊಟ್ಟಿ, ಬೀದಿಬೀದಿಯ ಮಲಗುಂಡಿ ಇವೆಲ್ಲ ಅದೇ ಭೌತನಿಯಮಕ್ಕೆ ಒಳಪಟ್ಟವು. ಅಲ್ಲಿ ಒಬ್ಬ ಬಿದ್ದೊಡನೆ ಇನ್ನೊಬ್ಬ ಧುಮುಕುತ್ತಾನೆ, ಮತ್ತೊಬ್ಬ ಧುಮುಕುತ್ತಾನೆ. ಪ್ರಕೃತಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ್ದೂ ಉಂಟು: ೧೯೮೬ನೆಯ ಆಗಸ್ಟ್ ೨೧ರ ರಾತ್ರಿ ಆಫ್ರಿಕದ ಕ್ಯಾಮರೂನಿನಲ್ಲಿ ನ್ಯೋಸ್ ಎಂಬ ಸರೋವರ ತನ್ನ ಒಡಲಿನ ಇಂಗಾಲಾಮ್ಲವನ್ನು ಒಮ್ಮೆಗೇ ಹೊರಗೆಡವಿತು. ಆ ಭಾರವಾದ ವಾಯು ಕಣಿವೆಗಳಲ್ಲಿ ಹೊಳೆಯಂತೆ ಹರಿದು ೧೭೦೦ಕ್ಕೂ ಹೆಚ್ಚು ಜನರನ್ನು ಕೊಂದಿತು. ಯಾರಾದರೂ ಗುಳಿಗೆ ಬಿದ್ದರೆ ಹಿಂದೆಯೇ ಇಳಿಯದೆ, ಹೊರಗಿನಿಂದ ಬಲವಾಗಿ ಗಾಳಿಯನ್ನು ಒಳಕ್ಕೆ ನುಗ್ಗಿಸುತ್ತ ಅಗ್ನಿಶಾಮಕದವರನ್ನು ಕರೆಯಬೇಕು. ಉಸಿರಿನ ಉಪಕರಣವಿಲ್ಲದವನು ಎಷ್ಟೇ ಧೈರ್ಯಶಾಲಿಯಾದರೂ ಇಳಿಯಬಾರದು. ಸಂಕಟದ ಹೊತ್ತಿನಲ್ಲಿ ಇದನ್ನು ಪಾಲಿಸುವುದು ಬಹು ಕಷ್ಟ. ಲೋಟದ ತಳದಲ್ಲಿ ಜ್ವಾಲೆ ತಟ್ಟನೆ ಆರಿದ್ದನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಅದು ಸ್ವಲ್ಪ ಸುಲಭವಾದೀತೆಂದು ನನ್ನ ನಂಬಿಕೆ.

ನನ್ನ ಉತ್ತರ ಹೋಗಿ ಮೂರು ವಾರಗಳಾದ ಮೇಲೆ ಹುಡುಗನ ಎರಡನೆಯ ಕಾಗದ ಬಂದಿತು. ಅವನ ಲೋಟದಲ್ಲಿ ಜ್ವಾಲೆ ಉಳಿದದ್ದು ಎಂಟು ನಿಮಿಷಕ್ಕೆ. ಜಾಡಿಯಲ್ಲಿ ಇಪ್ಪತ್ತೇಳು ನಿಮಿಷಕ್ಕೆ. "ನಾಲ್ಕು ಪಟ್ಟು ಬರಲಿಲ್ಲ, ಮೂರೂ ಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬಂದಿತು, ನನ್ನ ತಪ್ಪು ಎಲ್ಲಿದೆ ಗುರುಗಳೇ?" ಎಂದು ಕೇಳಿದ್ದನು. ನಾನು ಉತ್ತರ ಬರೆಯುವ ಮೊದಲೇ ಇನ್ನೊಂದು ಚೀಟಿ ಬಂದಿತು. ಬಾಗಿಲ ಸಂದಿಗೆ ಚೀಲ ತುರುಕಿ, ಜಾಡಿಯ ಸುತ್ತ ರಟ್ಟಿನ ಮರೆ ಕಟ್ಟಿ ಮತ್ತೆ ಮಾಡಿದನಂತೆ. ಈ ಸಲ ಮೂವತ್ತಮೂರು ನಿಮಿಷ. ಮುಂದಿನ ವಾರ ಮನೆಯವರೆಲ್ಲ ಮಲಗಿದ ಮೇಲೆ, ರಾತ್ರಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವೆನೆಂದು ಬರೆದಿದ್ದನು. ಜಲಜನಕ ಎಲ್ಲಿ ದೊರೆಯುವುದೆಂದು ಅವನು ಮತ್ತೆ ಕೇಳಲಿಲ್ಲ.

ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದನು. ಅವನ ಮನೆಯ ಹಿತ್ತಿಲಲ್ಲಿಯೂ ಮಣ್ಣು ಮುಚ್ಚಿದ ಹಳೆಯ ಹಗೇವೊಂದು ಉಂಟಂತೆ. ಅದರ ಆಳ ಎಷ್ಟೆಂದು ಅವನ ಅಜ್ಜಿಯನ್ನು ಕೇಳಿ, ನೂರೈವತ್ತು ಗಂಟೆಯ ಲೆಕ್ಕವನ್ನು ಆಕೆಗೆ ಹೇಳಿದನಂತೆ. ಆಕೆ ಬಹಳ ಹೊತ್ತು ಏನೂ ಮಾತನಾಡಲಿಲ್ಲವಂತೆ.